ರಿಮೋಟ್ ದೀಪಗಳ ಕಾಲದಲ್ಲಿ ನಮ್ಮತ್ತೆ

ನಮ್ಮ ಮನೆಗೆ ರಿಮೋಟ್ ದೀಪ ಬೇಕು ಎಂದು ಯಾರೂ ಅತ್ತಿರಲಿಲ್ಲ. ರವೀಂದ್ರನಗರದ ಆ ಮನೆಯಲ್ಲಿ ಆಗ ಇದ್ದವರು ಮೂರೇ ಜನ: ನಮ್ಮ ಮನೆಯವರು, ಅವರ ತಾಯಿ, ನಾನು. ಮೂವರಿಗೂ ಕೈಕಾಲು ನೆಟ್ಟಗಿದ್ದವು. ಎದ್ದು ಹೋಗಿ ಸ್ವಿಚ್ ಒತ್ತುವುದು ಅಂಥ ಹೊರಲಾರದ ಕೆಲಸವೇನೂ ಆಗಿರಲಿಲ್ಲ. ಆದರೆ ಎರಡು ಸಾವಿರ ಇಸವಿ ಕಳೆದು ಐದಾರು ವರ್ಷವಾಗಿತ್ತು, ಎಲ್ಲರ ಕೈಯಲ್ಲೂ ಮೊಬೈಲು ಬಂದಿತ್ತು, ನಮ್ಮ ಮನೆಯವರಿಗೆ ಹೊಸದೊಂದು ಏನಾದರೂ ಬೇಕಾಗಿತ್ತು. ಪೇಟೆಯಲ್ಲಿ ಅವರದು ಪೈಪು, ನಲ್ಲಿ ಮಾರುವ ಅಂಗಡಿ. ಅಲ್ಲಿಗೆ ಬರುತ್ತಿದ್ದ ಒಬ್ಬ ಏಜೆಂಟ್ ಇವರ ತಲೆಗೆ ಹುಳ ಬಿಟ್ಟ. ಒಂದು ಸೋಮವಾರ ಮನೆಗೇ ಬಂದು, ನಾಲ್ಕು ಹಳೆಯ ಸ್ವಿಚ್ ಬೋರ್ಡು ಕಿತ್ತು, ಕನ್ನಡಿಯಂಥ ಹೊಸ ಬೋರ್ಡು ಕೂರಿಸಿದ.

ಆ ಬೋರ್ಡಿನ ಬಟನ್ನುಗಳಿಗೆ ಮೇಲೆ ಕೆಳಗೆ ಎಂಬುದಿಲ್ಲ. ಒಮ್ಮೆ ಒತ್ತಿದರೆ ದೀಪ ಹತ್ತುತ್ತದೆ, ಮತ್ತೊಮ್ಮೆ ಒತ್ತಿದರೆ ಆರುತ್ತದೆ; ಬಟನ್ ಮಾತ್ರ ಇದ್ದ ಹಾಗೇ ಇರುತ್ತದೆ. ರಿಮೋಟಿನಲ್ಲಿ ಒಂದೊಂದು ದೀಪಕ್ಕೆ ಒಂದೊಂದು ಗುಂಡಿ. ಜೊತೆಗೆ ಎರಡು ದೊಡ್ಡ ಗುಂಡಿ: ಒಂದು ಒತ್ತಿದರೆ ಇಡೀ ಮನೆಯ ದೀಪ ಹತ್ತಬೇಕು, ಇನ್ನೊಂದು ಒತ್ತಿದರೆ ಎಲ್ಲ ಆರಬೇಕು. ಬಚ್ಚಲಿನ ಗೀಸರನ್ನೂ ಆ ಬೋರ್ಡಿಗೇ ಸೇರಿಸಿದ. ಅದು ಬೇಡ ಎಂದು ನಾನು ಹೇಳಿದೆ. ಇರಲಿ ಬಿಡು, ಅನುಕೂಲ ಎಂದರು ಇವರು.

ಕೊನೆಗೆ ಏಜೆಂಟ್ ಬೋರ್ಡಿನ ಹಿಂಬದಿ ತೋರಿಸಿದ. ಅಲ್ಲಿ ಅಂಗಿಯ ಗುಂಡಿಯಷ್ಟು ಸಣ್ಣ ಚಕ್ರ, ಅದರ ಸುತ್ತ ಒಂದರಿಂದ ಹದಿನಾರರವರೆಗೆ ಅಂಕಿ. ರಿಮೋಟಿನ ಬೆನ್ನಿಗೂ ಅಂಥದೇ ಚಕ್ರ. ಎರಡೂ ಕಡೆ ಒಂದೇ ಅಂಕಿಗೆ ತಿರುಗಿಸಿಟ್ಟರೆ ಮಾತ್ರ ರಿಮೋಟ್ ಹೇಳಿದ್ದನ್ನು ಬೋರ್ಡು ಕೇಳುತ್ತದೆ.

“ಯಾವ ನಂಬರ್ ಇಡ್ಲಿ ಸರ್? ನಿಮಗೆ ಆಗಿಬರೋದು ಹೇಳಿ.”

ಇವರು ಪೂಜೆ ಕೋಣೆಯ ಕಡೆ ತಿರುಗಿ ತಾಯಿಯನ್ನು ಕೇಳಿದರು. ಅತ್ತೆ ಲಿಂಗಪೂಜೆ ಮುಗಿಸಿ ವಿಭೂತಿ ಕೈಯಲ್ಲೇ ಹೊರಗೆ ಬಂದಿದ್ದರು.

“ಐದಿಡಪ್ಪ. ಪಂಚಾಕ್ಷರಿ. ಐದಕ್ಕೆ ಯಾವತ್ತೂ ಕೆಟ್ಟದಾಗಲ್ಲ.”

ಏಜೆಂಟ್ ಸ್ಕ್ರೂಡ್ರೈವರ್ ತುದಿಯಿಂದ ಚಕ್ರಗಳನ್ನು ಐದಕ್ಕೆ ತಿರುಗಿಸಿ, ಕಾಫಿ ಕುಡಿದು ಹೋದ. ಎರಡು ತಿಂಗಳು ದೀಪಗಳು ಹೇಳಿದ ಹಾಗೆ ಕೇಳಿದವು. ಬಂದ ನೆಂಟರ ಮುಂದೆ ಇವರು ಸೋಫಾದಲ್ಲಿ ಕೂತು ಫ್ಯಾನು ದೀಪ ಕುಣಿಸಿ ತೋರಿಸಿದ್ದೂ ಆಯಿತು.

ಆಮೇಲೆ ಶುರುವಾಯಿತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಶಾಲೆ ಬಿಟ್ಟ ಮೇಲೆ ಹೊಸಮನೆ ಬಡಾವಣೆಯಲ್ಲಿ ಇಬ್ಬರು ಹುಡುಗಿಯರಿಗೆ ಪಾಠ ಹೇಳಿ ಮನೆ ಸೇರುವ ಹೊತ್ತಿಗೆ ಏಳು ಗಂಟೆ. ಒಂದು ಸಂಜೆ ಬರುತ್ತೇನೆ, ಮದುವೆ ಮನೆಯ ಹಾಗೆ ಎಲ್ಲ ಕೋಣೆಯಲ್ಲೂ ದೀಪ ಉರಿಯುತ್ತಿದೆ. ಅತ್ತೆ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದಾರೆ.

“ಏನತ್ತೆ, ಎಲ್ಲಾ ಲೈಟೂ ಹಾಕ್ಬಿಟ್ಟಿದೀರಾ?”

“ನಾನೆಲ್ಲಿ ಹಾಕ್ದೆ ಮಾರಾಯ್ತಿ. ಪೂಜೆ ಕೋಣೇದೊಂದು ಹಾಕಿದ್ದೆ. ಅವೇ ಹತ್ತಿಕೊಂಡ್ವು.”

ನಾನು ನಕ್ಕೆ. ಆ ನಗುವನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಅವೇ ಹತ್ತಿಕೊಂಡವು ಎಂದು ಒಬ್ಬ ಹುಡುಗಿ ತರಗತಿಯಲ್ಲಿ ಹೇಳಿದ್ದರೆ, ಯಾವಾಗ, ಹೇಗೆ ಎಂದು ಹತ್ತು ಪ್ರಶ್ನೆ ಕೇಳುತ್ತಿದ್ದೆ. ಎಪ್ಪತ್ತು ದಾಟಿದ ಹೆಂಗಸು ಹೇಳಿದಾಗ ನಕ್ಕು ಒಳಗೆ ಹೋದೆ.

ಮತ್ತೆ ಬೆಳಿಗ್ಗೆಯದೊಂದು ರಾಮಾಯಣ. ಇವರು ಸ್ನಾನಕ್ಕೆ ಹೋಗುವುದು ಏಳು ಕಾಲಿಗೆ. ಬಚ್ಚಲಿಗೆ ಕಿಟಕಿ ಇಲ್ಲ. ತಲೆಗೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿರುವಾಗ ದೀಪ ಆರಿಹೋಗುತ್ತಿತ್ತು. ಒಳಗಿನಿಂದ “ಅಮ್ಮಾ” ಎಂಬ ಕೂಗು. ಬಚ್ಚಲಿನ ಬೋರ್ಡು ಇದ್ದದ್ದು ಅದರ ಬಾಗಿಲ ಹೊರಗೆ, ಮನೆಯೊಳಗಿನ ಓಣಿಯಲ್ಲಿ. ಅದೇ ಹೊತ್ತಿಗೆ ಅತ್ತೆ ಹೂವು ಹಿಡಿದು ಆ ಓಣಿಯಲ್ಲೇ ಪೂಜೆ ಕೋಣೆಗೆ ಹೋಗುವವರು. ಇನ್ನೇನು ಬೇಕು? ಕಳ್ಳ ಸಿಕ್ಕ ಹಾಗೇ ಆಯಿತು.

“ಒಳಗೆ ನಾನಿದೀನಿ ಅಂತ ಗೊತ್ತಾಗಲ್ವಾ ನಿಂಗೆ?”

“ನಾನು ಬೋರ್ಡ್ ಮುಟ್ಟೇ ಇಲ್ಲ ಕಣೋ.”

“ಹಂಗಾದ್ರೆ ದೆವ್ವ ಮುಟ್ತಾ?”

ಇವರು ಏಜೆಂಟನ್ನು ಕರೆಸಿದರು. ಅವನು ಮೂರು ಸಲ ಬಂದ. ಮೊದಲ ಸಲ, ಕರೆಂಟ್ ಹೋಗಿ ಬಂದರೆ ಹೀಗಾಗುತ್ತದೆ ಎಂದ. ಕರೆಂಟೇ ಹೋಗದ ದಿನವೂ ಆಗಿದೆ ಎಂದು ನಾನು ಹೇಳಿದೆ. ಎರಡನೇ ಸಲ ಬೋರ್ಡು ಬಿಚ್ಚಿ, ವೈರು ಬಿಗಿ ಮಾಡಿ, ಊದಿ ಧೂಳು ತೆಗೆದ. ಮೂರನೇ ಸಲ ಬಿಚ್ಚಲೂ ಇಲ್ಲ. ರಿಮೋಟ್ ಹಿಡಿದು ಹತ್ತು ಸಲ ಹಾಕಿ ಆರಿಸಿ ತೋರಿಸಿದ, ಹತ್ತೂ ಸಲ ಸರಿಯಾಗೇ ಬಂತು. ಆಮೇಲೆ ದನಿ ತಗ್ಗಿಸಿ, ಆದರೆ ಅತ್ತೆಗೆ ಕೇಳಿಸುವಷ್ಟೇ ತಗ್ಗಿಸಿ ಹೇಳಿದ.

“ಸಿಸ್ಟಮ್ ಪರ್ಫೆಕ್ಟ್ ಇದೆ ಸರ್. ಅಜ್ಜಿ ಒಂದ್ಸಲ ಒತ್ತಿ, ಒತ್ತಿಲ್ಲ ಅಂದ್ಕೊಂಡು ಇನ್ನೊಂದ್ಸಲ ಒತ್ತಿರ್ತಾರೆ. ವಯಸ್ಸಾದೋರಿರೋ ಮನೇಲಿ ಇದು ಮಾಮೂಲಿ.”

ಅವನು ಹೋದ ಮೇಲೆ ಇವರು ಒಂದು ಗಾದೆ ಬೇರೆ ಒಗೆದರು: ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ತಾಯಿಯ ಎದುರಿಗೇ. ಅತ್ತೆ ಮಾತಿನಲ್ಲಿ ಯಾರಿಗೂ ಸೋತವರಲ್ಲ. ನಮ್ಮ ಮದುವೆಯಲ್ಲಿ ಯಾರ ಮನೆಯವರು ಯಾವ ಬಣ್ಣದ ಸೀರೆ ಕೊಟ್ಟರು, ಯಾವ ಮೊಮ್ಮಗು ಯಾವ ವಾರ ಎಷ್ಟು ಗಂಟೆಗೆ ಹುಟ್ಟಿತು, ಎಲ್ಲ ಅವರ ಬಾಯಲ್ಲಿ. ಅಂಥವರು ಅಂದು ಉತ್ತರ ಕೊಡದೆ ಒಳಗೆ ಹೋದರು. ನಾನಾದರೂ ಇವರಿಗೆ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ನನಗೂ ಒಳಗೊಳಗೆ ಹಾಗೇ ಅನ್ನಿಸಲು ಶುರುವಾಗಿತ್ತು.

ಗೀಸರಿನ ದಿನ ಎಲ್ಲ ಕೆಟ್ಟಿತು. ನಾವಿಬ್ಬರೂ ಒಂದು ನಿಶ್ಚಿತಾರ್ಥಕ್ಕೆ ಹೋಗಿ ಎಂಟು ಗಂಟೆಗೆ ಬಂದೆವು. ಮನೆಯ ದೀಪವೆಲ್ಲ ಉರಿಯುತ್ತಿತ್ತು, ಬಚ್ಚಲಿನಲ್ಲಿ ಗೀಸರ್ ಬುಸುಗುಡುತ್ತಿತ್ತು, ನಲ್ಲಿ ತಿರುಗಿಸಿದರೆ ಬರೀ ಹಬೆ. ಸಂಜೆ ಆರರಿಂದ ಕುದಿಯುತ್ತಿತ್ತೋ ಏನೋ; ಬೇರೆ ದಿನವಾದರೆ ಏಳಕ್ಕೇ ನಾನು ಬಂದು ಎಲ್ಲ ಆರಿಸಿಬಿಡುತ್ತಿದ್ದೆ. ಅತ್ತೆಗೆ ಅದು ಗೊತ್ತೇ ಇಲ್ಲ. ಆ ಹೊತ್ತಿನಲ್ಲಿ ಅವರೇಕೆ ಬಚ್ಚಲಿಗೆ ಹೋಗಬೇಕು?

ಇವರು ಹೆದರಿಬಿಟ್ಟರು. ಹೆದರಿದ ಗಂಡಸರು ನಮ್ಮಲ್ಲಿ ಅದನ್ನು ಸಿಟ್ಟು ಎಂದೇ ತೋರಿಸುವುದು. ಇವತ್ತು ಗೀಸರ್, ನಾಳೆ ಗ್ಯಾಸ್, ಮನೆಗೇ ಬೆಂಕಿ ಬೀಳುತ್ತೆ ಎಂದು ಕೂಗಾಡಿದರು. ಮರುದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು ಪ್ರಶ್ನೆಗಳನ್ನೆಲ್ಲ ಮಗನಿಗೆ ಕೇಳಿದರು. ಎಷ್ಟು ದಿನದಿಂದ ಮರೆವು, ದಿನಕ್ಕೆ ಎಷ್ಟು ಸಲ, ಒಪ್ಪಿಕೊಳ್ಳುತ್ತಾರೋ ಇಲ್ಲವೋ. ಒಪ್ಪಿಕೊಳ್ಳಲ್ಲ ಎಂದರು ಇವರು. ಅದೂ ರೋಗದ ಲಕ್ಷಣವೇ ಎಂದು ಡಾಕ್ಟರು ತಲೆಯಾಡಿಸಿ ಗುಳಿಗೆ ಬರೆದರು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹೆಂಗಸಿಗೆ, ಇವತ್ತು ಯಾವ ವಾರ ಅಮ್ಮ ಎಂದೂ ಕೇಳಲಿಲ್ಲ. ಕೇಳಿದ್ದರೆ ವಾರ, ತಿಥಿ, ನಕ್ಷತ್ರ ಎಲ್ಲ ಹೇಳುತ್ತಿದ್ದರು.

ಅಂದಿನಿಂದ ಅತ್ತೆ ಒಬ್ಬರೇ ಇದ್ದಾಗ ಒಲೆ ಹಚ್ಚುವ ಹಾಗಿಲ್ಲ. ಶಾಲೆಗೆ ಹೋಗುವ ಮುಂಚೆ ಗ್ಯಾಸಿನ ರೆಗ್ಯುಲೇಟರ್ ಕಳಚಿಟ್ಟು ಹೋಗುವ ಕೆಲಸ ನನ್ನದು. ಸೊಂಟದಲ್ಲಿ ನಲವತ್ತು ವರ್ಷ ಇದ್ದ ಬೀಗದ ಕೈ ಗೊಂಚಲನ್ನು ಇವರು ಕೇಳಿ ತೆಗೆದುಕೊಂಡರು. ಪೂಜೆಯ ದೀಪವನ್ನು ಕೂಡ ನಾನು ಮನೆಯಲ್ಲಿರುವಾಗಲೇ ಹಚ್ಚಬೇಕು. ಆ ಮನೆಯನ್ನು ಕಟ್ಟುವಾಗ ಇಟ್ಟಿಗೆಗೆ ನೀರು ಹಾಕಿದ ಹೆಂಗಸು ಅವರು. ಅದೇ ಮನೆಯಲ್ಲಿ ಮಧ್ಯಾಹ್ನ ಒಂದು ಲೋಟ ಹಾಲು ಬಿಸಿ ಮಾಡಿಕೊಳ್ಳಲು ಅಪ್ಪಣೆ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಅದನ್ನು ನಾವು ಓದಿದವರೆಲ್ಲ ಸೇರಿ ಮಾಡಿದೆವು.

ಅತ್ತೆ ಸೆರಗಿಗೆ ಗಂಟು ಹಾಕಲು ಶುರುಮಾಡಿದರು. ಒಂದು ದೀಪ ಆರಿಸಿದರೆ ಒಂದು ಗಂಟು. ನಾನು ಬಂದ ಕೂಡಲೇ ಸೆರಗು ಬಿಡಿಸಿ ತೋರಿಸುವರು: ನೋಡು, ಮೂರು ಆರಿಸಿದೀನಿ, ಮೂರು ಗಂಟು ಇದೆ. ಕೋಣೆಯಲ್ಲಿ ಮಾತ್ರ ಮೂರೂ ದೀಪ ಉರಿಯುತ್ತಿರುತ್ತಿತ್ತು. ಒಂದು ದಿನ ಅವರು ಗಂಟುಗಳನ್ನು ಮತ್ತೆ ಮೊದಲಿನಿಂದ ಒಂದೊಂದಾಗಿ ಎಣಿಸಿದರು. ಅದನ್ನು ಕಂಡ ಮೇಲೆ ನನಗೆ ನನ್ನ ಅಪ್ಪಾಜಿಯ ನೆನಪಾಯಿತು.

ನನ್ನ ತವರು ಭದ್ರಾವತಿ. ಅಪ್ಪಾಜಿ ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು ನಿವೃತ್ತರಾದವರು. ಬಲ್ಬು ಹತ್ತುತ್ತಿಲ್ಲ ಎಂದು ದೂರು ಬಂದರೆ ಅವರು ಬಲ್ಬನ್ನು ಎಸೆಯುತ್ತಿರಲಿಲ್ಲ. ಮೊದಲು ಅದನ್ನು ಬೇರೆ ಹೋಲ್ಡರಿಗೆ ಹಾಕಿ ನೋಡುವರು. ಅಲ್ಲಿ ಹತ್ತಿದರೆ ತಪ್ಪು ಬಲ್ಬಿನದಲ್ಲ, ಲೈನಿನದು. ಕ್ವಾರ್ಟರ್ಸಿನ ತಮಿಳು ಅಕ್ಕಂದಿರು, ತೆಲುಗಿನವರು, ಎಲ್ಲರ ಮನೆಯಲ್ಲೂ ಅವರು ಹೀಗೇ ಮಾಡುವುದನ್ನು ಟೆಸ್ಟರ್ ಹಿಡಿದು ಹಿಂದೆ ಹೋಗಿ ನೋಡಿದವಳು ನಾನು. ನೋಡಿಯೂ ಇಷ್ಟು ದಿನ ದಡ್ಡಿಯಾಗಿದ್ದೆ.

ದಸರಾ ರಜ ಬಂತು. ಅತ್ತೆಯನ್ನು ಭದ್ರಾವತಿಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಇವರು ಒಪ್ಪಿದರು, ಅತ್ತೆ ಒಪ್ಪಲಿಲ್ಲ.

“ಸೊಸೆ ತವರಿಗೆ ಹೋಗಿ ಎಂಟು ದಿನ ಕೂತು ಉಣ್ಣೋದಾ? ಬೀಗರ ಮನೇಲಿ ಒಂದೂಟ, ಒಂದು ಎಲೆ ಅಡಿಕೆ, ಎದ್ದು ಬರ್ಬೇಕು. ನೋಡಿದೋರು ಏನಂದಾರು?”

ನಮ್ಮಮ್ಮನಿಗೆ ಮಂಡಿನೋವು, ಏಳಲಾಗುತ್ತಿಲ್ಲ, ಅಡುಗೆಗೆ ಜನ ಬೇಕು ಎಂದು ಸುಳ್ಳು ಹೇಳಿದೆ. ಕೆಲಸ ಇದೆ ಎಂದ ಕೂಡಲೇ ಅತ್ತೆ ಚೀಲಕ್ಕೆ ಸೀರೆ ತುಂಬಿಕೊಂಡರು. ಬಸ್ಸಿನಲ್ಲಿ ಅರ್ಧ ದಾರಿ ಹೋದ ಮೇಲೆ ಚೀಲ ನೋಡುತ್ತೇನೆ, ಗುಳಿಗೆಯ ಡಬ್ಬಿ ಇಲ್ಲ, ಮನೆಯ ಮೇಜಿನ ಮೇಲೇ ಉಳಿದಿದೆ. ಮರೆವಿಗೆ ಕೊಟ್ಟ ಗುಳಿಗೆಯನ್ನು ಮರೆತು ಬಂದವಳು ನಾನು, ಅವರಲ್ಲ.

ತವರಿನಲ್ಲಿ ಹಳೆಯ ಕಪ್ಪು ಸ್ವಿಚ್ಚುಗಳು. ಕೆಳಗೆ ಮಾಡಿದರೆ ಟಕ್ ಎಂದು ಹತ್ತಬೇಕು, ಮೇಲೆ ಮಾಡಿದರೆ ಆರಬೇಕು. ಎಂಟು ದಿನ ನಾನು ಪೊಲೀಸಿನವಳ ಹಾಗೆ ಅತ್ತೆಯ ಹಿಂದೆಯೇ ಇದ್ದೆ. ಒಂದು ದೀಪ ಮರೆಯಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಲಿಲ್ಲ. ಬಚ್ಚಲಲ್ಲಿ ದೀಪ ಉಳಿಸಿ ಬಂದವರು ನಮ್ಮಮ್ಮ, ಹೋಗಿ ಆರಿಸಿದವರು ಅತ್ತೆ. ಬೆಳಿಗ್ಗೆ ಎಲ್ಲರಿಗೂ ಅಕ್ಕಿರೊಟ್ಟಿ ತಟ್ಟಿ, ಯಾರು ಎಷ್ಟು ತಿಂದರು ಎಂದು ಮಧ್ಯಾಹ್ನ ಲೆಕ್ಕ ಹೇಳಿ ನಮ್ಮಪ್ಪಾಜಿಯನ್ನು ರೇಗಿಸಿದರು.

ಐದನೇ ದಿನ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ಅಪ್ಪಾಜಿ ಹತ್ತಿರ ಬಂದರು.

“ಏನಮ್ಮ, ಬೀಗಿತ್ತಿನ ಬೇರೆ ಹೋಲ್ಡರಿಗೆ ಹಾಕಿ ನೋಡ್ತಿದೀಯಾ?”

ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ. ಅಪ್ಪಾಜಿಗೆ ಸಿಟ್ಟು ಬಂತು. ಅವರದು ಗಟ್ಟಿಯಾಗಿ ಮಾತಾಡುವ ಸಿಟ್ಟಲ್ಲ.

“ಬಲ್ಬು ಸರಿ ಇದೆ. ಊರಿಗೆ ಹೋಗಿ ಲೈನ್ ನೋಡು. ಯಾವಾಗ ಹತ್ತುತ್ತೆ, ಯಾವಾಗ ಆರುತ್ತೆ, ಗಡಿಯಾರ ನೋಡಿ ಬರೆದಿಡು. ತಪ್ಪಿಗೂ ಒಂದು ಟೈಮ್ ಇರುತ್ತೆ. ಓದ್ಕೊಂಡೋಳು ನೀನು, ಇದನ್ನ ನಾನು ಹೇಳ್ಕೊಡ್ಬೇಕಾ?”

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಹೊರಗೆ ನೋಡುತ್ತ ಕೇಳಿದರು, “ನಾನು ಪಾಸಾದ್ನಾ, ಫೇಲಾ?”

“ಏನತ್ತೆ?”

“ನಿಮ್ಮಮ್ಮನ ಮಂಡಿ ಕಲ್ಲಿನ ಹಂಗಿದೆ. ನನಗೇನು ಗೊತ್ತಾಗಲ್ವಾ?”

ಪಾಸು ಎಂದು ಹೇಳಲು ನನಗೆ ನಾಚಿಕೆಯಾಯಿತು. ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ, ಆದರೆ ನನ್ನ ಕಡೆ ತಿರುಗಲೂ ಇಲ್ಲ.

ಮರುದಿನದಿಂದ ಬರೆಯತೊಡಗಿದೆ. ಹೊಸಮನೆಯ ಪಾಠಕ್ಕೆ ಎರಡು ವಾರ ರಜ ಹೇಳಿ ಸಂಜೆ ಐದಕ್ಕೇ ಮನೆ ಸೇರಿದೆ. ರಿಮೋಟನ್ನು ನನ್ನ ಬ್ಯಾಗಿನಲ್ಲೇ ಇಟ್ಟುಕೊಂಡೆ. ಅತ್ತೆ ನನ್ನ ಕಣ್ಣೆದುರು ಜಗಲಿಯಲ್ಲಿ ಬತ್ತಿ ಹೊಸೆಯುತ್ತ ಕೂತಿರುವಾಗಲೇ, ಆರು ದಾಟಿದ ಕೂಡಲೇ, ಮನೆಯ ಎಲ್ಲ ದೀಪವೂ ಒಟ್ಟಿಗೇ ಹತ್ತಿಕೊಂಡವು. ಇಷ್ಟು ದಿನ ಆ ಹೆಂಗಸು ಹೇಳುತ್ತಿದ್ದದ್ದು ಅಕ್ಷರಶಃ ನಿಜ. ಅವೇ ಹತ್ತಿಕೊಳ್ಳುತ್ತಿದ್ದವು.

ಆಗಲೇ ಇವರಿಗೆ ಫೋನು ಮಾಡಿ ಹೇಳಬೇಕಿತ್ತು. ನಾನು ಹೇಳಲಿಲ್ಲ. ಒಂದು ದಿನದ ಸಾಕ್ಷಿ ಸಾಲದು, ಇವರು ನಂಬಲ್ಲ, ಪೂರ್ತಿ ಹಿಡಿದೇ ತೋರಿಸಬೇಕು ಎಂಬ ಹಟ. ವಿಜ್ಞಾನದ ಟೀಚರ್ ಅಲ್ಲವೇ, ಸಾಕ್ಷಿ ಬೇಕು. ಆ ಹಟಕ್ಕೆ ಅತ್ತೆ ಇನ್ನೂ ಹನ್ನೆರಡು ದಿನ ಬೈಸಿಕೊಂಡರು. ಬೆಳಿಗ್ಗೆ ಬಚ್ಚಲಿನಿಂದ ಕೂಗು ಬರುವುದು ನಿಲ್ಲಲಿಲ್ಲ. ನಾನು ಅಡುಗೆಮನೆಯಲ್ಲಿ ನಿಂತು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದೆ: ಏಳು ಇಪ್ಪತ್ತೈದು. ಏಳು ಇಪ್ಪತ್ತಾರು. ಏಳು ಇಪ್ಪತ್ತೈದು. ಸಂಜೆ ಆರು ಹತ್ತು, ಆರು ಕಾಲು. ಹೀಗೆ ಬರೆಯುತ್ತಿರುವಾಗ ಒಂದು ದಿನ ಇವರು ಎಂದಿನಂತೆ ರೇಗಿದರು, ಅತ್ತೆ ಎಂದಿನ ಉತ್ತರ ಕೊಡಲಿಲ್ಲ.

“ಆರಿಸಿದ್ನೇನೋ ಕಣಪ್ಪ,” ಎಂದರು. “ಗೊತ್ತಾಗ್ಲಿಲ್ಲ.”

ನಾನು ಆ ಮಾತನ್ನು ಕೇಳಿಸಿಕೊಂಡೆ. ಕೇಳಿಸಿಕೊಂಡು, ಇನ್ನೆರಡು ದಿನ ಎಂದುಕೊಂಡೆ. ಅಪರಾಧ ಎಂದರೆ ಅದೇ, ಬೇರೆ ಹೆಸರಿಲ್ಲ ಅದಕ್ಕೆ.

ಹನ್ನೆರಡು ದಿನದ ಪಟ್ಟಿಯನ್ನು ಒಂದು ಬೆಳಿಗ್ಗೆ ಎದುರಿಗಿಟ್ಟುಕೊಂಡು ಕೂತೆ. ಎರಡು ಭಾನುವಾರವೂ ಖಾಲಿ. ಎರಡನೇ ಶನಿವಾರ ಖಾಲಿ. ನಡುವೆ ಒಂದು ಸರ್ಕಾರಿ ರಜ ಬಂದಿತ್ತು, ಅಂದೂ ಖಾಲಿ. ಮರೆವಿನ ರೋಗ ಎಲ್ಲಾದರೂ ಭಾನುವಾರ ರಜ ತೆಗೆದುಕೊಳ್ಳುತ್ತದೆಯೇ? ನಮ್ಮತ್ತೆಯ ಮರೆವು ಸರ್ಕಾರಿ ನೌಕರಿಯಲ್ಲಿತ್ತು. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟು ಸಂಜೆ ಆರಕ್ಕೆ ಬರುತ್ತಿತ್ತು.

ಮರುದಿನ ಏಳು ಇಪ್ಪತ್ತಕ್ಕೆ ತಾರಸಿ ಹತ್ತಿ ನಿಂತೆ. ನಮ್ಮ ಹಿತ್ತಲ ಗೋಡೆಗೆ ತಾಗಿದ ಮನೆಯ ಗೇಟು ಹಿಂದಿನ ರಸ್ತೆಗಿದೆ, ಹಾಗಾಗಿ ಅವರ ಪರಿಚಯ ನಮಗೆ ಅಷ್ಟಕ್ಕಷ್ಟೆ. ಅಲ್ಲಿದ್ದವರು ಶಂಕರಘಟ್ಟದ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು, ದಿನಾ ಬಸ್ಸಿನಲ್ಲಿ ಓಡಾಡುವವರು ಎಂದಷ್ಟೇ ಗೊತ್ತು. ಏಳು ಇಪ್ಪತ್ತೈದಕ್ಕೆ ಆಕೆ ಹೆಗಲಿಗೆ ಬ್ಯಾಗು ಹಾಕಿಕೊಂಡು ಮನೆಯ ಮಗ್ಗುಲಿನ ಬಾಗಿಲಿನಿಂದ ಹೊರಗೆ ಬಂದರು. ಬಾಗಿಲು ಎಳೆಯುವ ಮುಂಚೆ ಕೈಯಲ್ಲಿದ್ದ ಏನನ್ನೋ ಒಳಗೆ ಚಾಚಿ ಒತ್ತಿದರು. ನಮ್ಮ ಬಚ್ಚಲಿನಿಂದ ಕೂಗು ಕೇಳಿಸಿತು.

ನಾನು ತಾರಸಿಯ ಮೇಲಿಂದಲೇ ಕರೆದೆ.

“ಏನ್ರೀ, ಸ್ವಲ್ಪ ನಿಲ್ಲಿ. ಕೈಯಲ್ಲಿರೋದೇನದು?”

“ಲೈಟಿನ ರಿಮೋಟು ಕಣ್ರೀ. ಯಾಕೆ?”

“ಅದರ ಬೆನ್ನಲ್ಲಿ ನಂಬರ್ ಎಷ್ಟಿದೆ ನೋಡಿ.”

ಆಕೆ ತಿರುಗಿಸಿ ನೋಡಿದರು. “ಐದು. ಹಾಕೋನು ಯಾವ್ದು ಇಡ್ಲಿ ಅಂದ. ಐದು ಅಂದೆ. ಶಿವನ ನಂಬರ್ ಅಲ್ವಾ.”

ಏಜೆಂಟ್ ಅವನೇ. ನಮ್ಮ ಮನೆಗೆ ಹಾಕಿದ ಎರಡು ತಿಂಗಳಿಗೆ ಅವರ ಮನೆಗೂ ಹಾಕಿದ್ದ. ಬೆಳಿಗ್ಗೆ ಹೊರಡುವಾಗ ಆಕೆ ಎಲ್ಲ ಆರಿಸುವ ಗುಂಡಿ ಒತ್ತುವರು, ಸಂಜೆ ಕತ್ತಲ ಮನೆಗೆ ಒಬ್ಬರೇ ಬರಲು ಹೆದರಿಕೆ ಎಂದು ಗೇಟಿನಲ್ಲೇ ಎಲ್ಲ ಹಾಕುವ ಗುಂಡಿ ಒತ್ತುವರು. ನಮ್ಮ ಬೋರ್ಡು ವಿಧೇಯವಾಗಿ ಎರಡನ್ನೂ ಪಾಲಿಸುತ್ತಿತ್ತು.

ಅಂದು ಸಂಜೆ ನಮ್ಮ ಹಾಲಿನಲ್ಲಿ ಏಜೆಂಟ್, ನಮ್ಮ ಮನೆಯವರು, ರಿಮೋಟ್ ಹಿಡಿದ ಹಿಂದಿನ ಮನೆಯಾಕೆ, ನಾನು. ಆಕೆ ಒತ್ತಿದರು, ನಮ್ಮ ದೀಪ ಹತ್ತಿತು. ಮತ್ತೆ ಒತ್ತಿದರು, ಆರಿತು. ಏಜೆಂಟ್ ಕತ್ತಿನ ಬೆವರು ಒರೆಸಿಕೊಂಡ.

“ಇಲ್ಲಿ ಎಲ್ಲರೂ ಐದೇ ಕೇಳ್ತಾರೆ ಮೇಡಂ. ಇಲ್ಲಾಂದ್ರೆ ಒಂಬತ್ತು. ನಾನೇನ್ಮಾಡ್ಲಿ? ರಿಮೋಟಿನ ಸಿಗ್ನಲ್ ಅಷ್ಟು ದೂರ ಹೋಗಲ್ಲ ಅಂದ್ಕೊಂಡಿದ್ದೆ.”

“ಮೂರು ಸಲ ಬಂದ್ಯಲ್ಲಪ್ಪ. ಹಿಂದಿನ ಮನೆಗೂ ಐದೇ ಇಟ್ಟಿದೀನಿ ಅಂತ ಒಂದ್ಸಲನಾದ್ರೂ ನೆನಪಾಗ್ಲಿಲ್ವಾ? ಮರೆವು ಯಾರಿಗಿತ್ತು ಹಂಗಾದ್ರೆ?”

ನಾನು ಹಾಗೆ ಕೇಳಿದ್ದಕ್ಕೆ ಅವನು ಚೀಲದಲ್ಲಿ ಸ್ಕ್ರೂಡ್ರೈವರ್ ಹುಡುಕತೊಡಗಿದ. ಹಿಂದಿನ ಮನೆಯಾಕೆ ಸೋಫಾದ ತುದಿಯಲ್ಲಿ ಕೂತು ಮೆಲ್ಲಗೆ ಹೇಳಿದರು.

“ನಮ್ಮನೇಲೂ ಹಂಗೇ ಆಗ್ತಿತ್ತು. ಬಂದು ನೋಡಿದ್ರೆ ಬೆಡ್‌ರೂಮ್ ಫ್ಯಾನು ತಿರುಗ್ತಿರೋದು. ಮಧ್ಯಾಹ್ನ ಪಾತ್ರೆ ತೊಳೆಯೋಕೆ ಬರೋಳ ಹತ್ರ ಒಂದು ಕೀ ಇತ್ತು. ಬಂದು ಮಲಗಿ ಹೋಗ್ತಾಳೆ ಅಂದ್ಕೊಂಡು ಬಿಡಿಸ್ಬಿಟ್ಟೆ. ಆಣೆ ಮಾಡಿದ್ಲು ಪಾಪ, ನಾನು ಕೇಳ್ಲಿಲ್ಲ.”

ನಾವು ಇಲ್ಲಿ ಒತ್ತಿದ್ದನ್ನು ಅವರ ಬೋರ್ಡೂ ಕೇಳುತ್ತಿತ್ತು. ಅಲ್ಲಿಗೆ ಎರಡು ಮನೆ, ಎರಡು ಹೆಂಗಸರು. ಇಬ್ಬರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಒಬ್ಬಳು ಕಳ್ಳಿಯಾದಳು, ಒಬ್ಬರು ಅರಳುಮರಳಾದರು. ಪೆಟ್ಟಿಗೆಯನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ, ಅದು ಹೊಸದು, ಹೊಳೆಯುತ್ತಿತ್ತು. ಏಜೆಂಟ್ ಸ್ಕ್ರೂಡ್ರೈವರ್ ತೆಗೆದು ನಮ್ಮ ಚಕ್ರಗಳನ್ನು ಹನ್ನೊಂದಕ್ಕೆ ತಿರುಗಿಸಿದ. ಒಂದು ನಿಮಿಷವೂ ಹಿಡಿಯಲಿಲ್ಲ. ಮೂರು ತಿಂಗಳ ಅವಮಾನಕ್ಕೆ ಒಂದು ನಿಮಿಷದ ರಿಪೇರಿ.

ಆಗ ಇವರು ಒಂದು ಮಾತಾಡಿದರು. ನಗಲು ನೋಡುತ್ತ, ವಾತಾವರಣ ಹಗುರ ಮಾಡುವವರ ಹಾಗೆ.

“ಅಷ್ಟಕ್ಕೂ ಐದಿಡು ಅಂದಿದ್ದು ಅಮ್ಮನೇ ಅಲ್ವಾ.”

ನನಗೆ ಮೈಯೆಲ್ಲ ಉರಿದುಹೋಯಿತು. ಹೊರಗಿನವರು ಕೂತಿದ್ದಾರೆ ಎಂಬುದನ್ನೂ ನೋಡಲಿಲ್ಲ.

“ರೀ, ಇದನ್ನೂ ಅವ್ರ ತಲೆಗೇ ಕಟ್ತೀರಾ? ನಾಚಿಕೆ ಆಗ್ಬೇಕು ನಮ್ಗೆ. ನಿಮಗೂ, ನನಗೂ. ಹೆತ್ತ ತಾಯಿ ಮೂರು ತಿಂಗಳಿಂದ ನಾನಲ್ಲ ಅಂತ ಬಡ್ಕೊಂಡ್ರು. ಇವನು ಒಂದ್ಸಲ ಪರ್ಫೆಕ್ಟ್ ಅಂದಿದ್ದಕ್ಕೆ ನಂಬಿದ್ರಿ. ನೆಲ ಡೊಂಕು ಅಂದ್ರೆ ಗಾದೆ ಹೇಳಿದ್ರಲ್ಲ, ಡೊಂಕಾಗೇ ಇತ್ತಲ್ರೀ ನೆಲ. ಹೋಗಿ ಆ ಮಾತನ್ನ ಅವ್ರ ಮುಂದೆ ಹೇಳಿ ಬನ್ನಿ.”

ಏಜೆಂಟ್ ಚೀಲ ಎತ್ತಿಕೊಂಡು ಹೋದ. ಹಿಂದಿನ ಮನೆಯಾಕೆ, ನಾಳೆ ಅವಳ ಮನೆ ಹುಡುಕಿಕೊಂಡು ಹೋಗಬೇಕು ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತ ಎದ್ದರು. ಇವರು ಬೀರುವಿನಿಂದ ಬೀಗದ ಕೈ ಗೊಂಚಲು ತೆಗೆದುಕೊಂಡು ಪೂಜೆ ಕೋಣೆಗೆ ಹೋದರು. ಆ ಮನೆಯ ಗಂಡಸರು ತಪ್ಪಾಯಿತು ಎಂದದ್ದನ್ನು ನಾನು ಕೇಳಿರಲಿಲ್ಲ. ಅಂದು ಕೇಳಿದೆ.

“ಅಮ್ಮ, ತಪ್ಪು ನಂದು. ಸ್ವಿಚ್ಚೇ ಸರಿ ಇರ್ಲಿಲ್ಲ. ನೀನು ಹೇಳಿದ್ದೇ ನಿಜ.”

ಅತ್ತೆ ಗೊಂಚಲನ್ನು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದರು. “ಹೌದೇನಪ್ಪ,” ಎಂದರು, ಅಷ್ಟೆ. ನಾನು ಗುಳಿಗೆಯ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿದೆ, ಗ್ಯಾಸಿನ ರೆಗ್ಯುಲೇಟರನ್ನು ಮತ್ತೆ ಕಳಚಬಾರದು ಎಂದು ಬಿಗಿಯಾಗಿ ಕೂರಿಸಿದೆ. ಸೊಸೆಯಾಗಿ ನಾನು ಗೆದ್ದೆ ಎಂಬ ಸಣ್ಣ ಹೆಮ್ಮೆಯೂ ಒಳಗೆ ಇತ್ತು, ಸುಳ್ಳೇಕೆ ಹೇಳಲಿ.

ಊಟವಾದ ಮೇಲೆ ನಾನು ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುತ್ತಿದ್ದೆ. ಅತ್ತೆ ಹಾಲಿನ ಬೋರ್ಡಿನ ಹತ್ತಿರ ಹೋಗಿ ಬಟನ್ ಒತ್ತಿದ್ದು ಕೇಳಿಸಿತು. ಹಾಲಿನ ದೀಪ ಆರಿತು. ಅವರು ಅಲ್ಲಿಂದ ಕದಲಲಿಲ್ಲ.

“ಬಾರೆ ಇಲ್ಲಿ,” ಎಂದು ಕರೆದರು.

ಹೋದೆ. ಕಿಟಕಿಯ ಪರದೆ ಎಳೆದಿತ್ತು. ಅವರು ನಿಂತದ್ದು ಎಲ್ಲಿ ಎಂದು ಬೀಗದ ಕೈ ಅಲುಗಿದ ಸದ್ದಿನಿಂದಲೇ ಗೊತ್ತಾಗಬೇಕು, ಅಂಥ ಕತ್ತಲು.

“ಆರಿದ್ಯಾ ನೋಡೇ.”

“ಆರಿದೆ ಅತ್ತೆ.”

“ಸರಿಯಾಗಿ ನೋಡಿ ಹೇಳು ಮಾರಾಯ್ತಿ,” ಎಂದರು. “ನನಗೆ ಗೊತ್ತಾಗಲ್ಲ.”